ಮೊದಲ ಪಂಕ್ತಿಗೆ ಉಪ್ಸಾರು

ಮಂಡ್ಯದಲ್ಲಿ ಕಲ್ಯಾಣ ಮಂಟಪ ಹಿಡಿದು, ಊರೂರಿನವರನ್ನೆಲ್ಲ ಕರೆದು, ಅವರಿಗೆ ಮುದ್ದೆ ಉಪ್ಸಾರು ಬಡಿಸುತ್ತೇನೆ ಎಂದು ನಾನು ಹೇಳಿದಾಗ ನನ್ನ ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. ಅವರು ಮೊರ ಕೆಳಗಿಟ್ಟರೆಂದರೆ ವಿಷಯ ದೊಡ್ಡದು ಎಂದು ಅರ್ಥ.

"ತಲೆಗಿಲೆ ಕೆಟ್ಟದಾ ನಿಂಗೆ? ಮನೇಗೆ ಬಂದೋರಿಗೇ ಉಪ್ಸಾರು ಆಕಾಕಿಲ್ಲ. ನೀನು ಚತ್ರಕ್ಕೆ ಕರ್ದು ಆಕ್ತೀನಿ ಅಂತೀಯಲ್ಲ!"

ಅವರ ಸಿಟ್ಟು ನನಗೆ ಅರ್ಥವಾಗದ್ದೇನಲ್ಲ. ಉಪ್ಸಾರು ನಮ್ಮ ಕಡೆಯ ದಿನನಿತ್ಯದ ಸಾರು. ಕಾಳು, ಸೊಪ್ಪು ಬೇಯಿಸಿ, ಬಸಿದ ನೀರಿಗೆ ಉಪ್ಪು ಹಾಕಿದರೆ ಸಾರಾಯಿತು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದ ಖಾರ ಬೇರೆ ಬಟ್ಟಲಲ್ಲಿರುತ್ತದೆ, ಬೇಕಾದವರು ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಇದನ್ನು ನಾವು ವಾರಕ್ಕೆ ನಾಲ್ಕು ದಿನ ಉಂಡರೂ ನೆಂಟರ ಮುಂದೆ ಇಡುವುದಿಲ್ಲ. ನೆಂಟರಿಗೆ ಬಾಡೂಟ. ಎಲೆಯ ಮೇಲೆ ಬಿದ್ದ ಬಾಡಿನ ತುಂಡು ನೋಡಿಯೇ ಮನೆತನದ ಯೋಗ್ಯತೆ ಅಳೆಯುವ ಸೀಮೆ ನಮ್ಮದು. ಅಂಥ ಸೀಮೆಯಲ್ಲಿ ನಾನು, ಮದ್ದೂರಿನ ಮಗಳು, ಮಳವಳ್ಳಿ ಕಡೆಯ ಸೊಸೆ, ಉಪ್ಸಾರು ಎಂದೆ. ಎಂದಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಅವಳಿಗೆ ಕಡ್ಲೆಕಾಯಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆ ಉಬ್ಬರಿಸುವ ಆಗುವುದಿಲ್ಲ ಅಲ್ಲ. ಅವಳಿಗೆ ಎರಡು ವರ್ಷವಿದ್ದಾಗ ಮದ್ದೂರಿನ ನನ್ನ ತವರಿನಲ್ಲಿ ಒಂದು ನಾಮಕರಣ. ಯಾರೋ ಮುದ್ದು ಮಾಡುತ್ತಾ ಕಡ್ಲೆಕಾಯಿ ಉಂಡೆಯ ಚೂರು ಅವಳ ಬಾಯಿಗಿಟ್ಟರು. ನಾನು ಇತ್ತ ತಿರುಗಿ ಅತ್ತ ತಿರುಗುವಷ್ಟರಲ್ಲಿ ತುಟಿ ಬಾತುಕೊಂಡಿತ್ತು, ಮೈಯೆಲ್ಲ ಕೆಂಪು ದದ್ದು, ಆಮೇಲೆ ಉಸಿರು ಸಿಕ್ಕಿಕೊಂಡು ಸಿಳ್ಳೆಯಂಥ ಸದ್ದು. ಮದ್ದೂರಿನಿಂದ ಮಂಡ್ಯದ ಆಸ್ಪತ್ರೆಯವರೆಗೆ ಕಾರಿನಲ್ಲಿ ಅವಳನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದ ಆ ದಾರಿಯನ್ನು ನಾನು ಇವತ್ತಿಗೂ ಸುಮ್ಮನೆ ದಾಟಲಾರೆ. ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು, ಮಗು ಅತ್ತಿತು. ಮಗುವಿನ ಅಳು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಅವಳು ಹುಟ್ಟಿದ ದಿನ ಬಿಟ್ಟರೆ ಅವತ್ತೇ.

ಅಲ್ಲಿಂದ ಶುರುವಾಯಿತು ಡಬ್ಬಿ. ಮದುವೆ, ಗೃಹಪ್ರವೇಶ, ತಿಥಿ, ಎಲ್ಲಿಗೆ ಹೋದರೂ ನನ್ನ ಚೀಲದಲ್ಲಿ ಒಂದು ಇಂಜೆಕ್ಷನ್, ಒಂದು ಸ್ಟೀಲ್ ಡಬ್ಬಿ. ಎಲ್ಲರೂ ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸುವಾಗ ಇವಳು ಮೂಲೆಯ ಕುರ್ಚಿಯಲ್ಲಿ ತೊಡೆ ಮೇಲೆ ಡಬ್ಬಿ ಇಟ್ಟುಕೊಂಡು ಅನ್ನ ತಿನ್ನುತ್ತಿದ್ದಳು. ನೋಡಿದವರಿಗೆ ಕರುಣೆ ಉಕ್ಕುತ್ತಿತ್ತು. ಆ ಕರುಣೆಯೇ ನನ್ನ ಶತ್ರು.

"ಒಂಚೂರು ತಿನ್ಸಿ ನೋಡವ್ವ, ಅಬ್ಯಾಸ ಆಯ್ತದೆ."

"ನಮ್ ಕಾಲ್ದಲ್ಲಿ ಇವೆಲ್ಲ ಎಲ್ಲಿದ್ದೋ? ಎಲ್ಲಾ ತಿಂದ್ಕಂಡು ಗುಂಡುಕಲ್ಲಂಗೆ ಇದ್ದೋ."

ಹೀಗೆ ಹೇಳುತ್ತಲೇ ಚಟ್ನಿ ಅದ್ದಿದ ಬೆರಳನ್ನು ಅವಳ ಬಾಯಿಗೆ ತರುವವರಿದ್ದರು. ನಾನು ಆ ಕೈಗಳನ್ನು ಹಿಡಿದು ಪಕ್ಕಕ್ಕೆ ತಳ್ಳಿದ್ದೇನೆ. ತಳ್ಳಿ ತಳ್ಳಿ ಜಗಳಗಂಟಿ ಎಂಬ ಹೆಸರು ಸಂಪಾದಿಸಿದ್ದೇನೆ. ಭಾರತೀನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು ನಾನು, ಕೊನೆಯ ಬೆಂಚಿಗೆ ಕೇಳುವ ಗಂಟಲು. ಆ ಗಂಟಲು ನಮ್ಮ ನೆಂಟರ ಮದುವೆಗಳಲ್ಲಿ ಬಹಳ ಉಪಯೋಗಕ್ಕೆ ಬಂದಿದೆ.

ಮಗಳನ್ನು ವರ್ಷಕ್ಕೆರಡು ಸಲ ಬೆಂಗಳೂರಿನ ಡಾಕ್ಟರೊಬ್ಬರ ಬಳಿ ತೋರಿಸುತ್ತೇವೆ. ಮಕ್ಕಳ ಅಲರ್ಜಿಯ ಬಗ್ಗೆ ಸಂಶೋಧನೆ ಮಾಡುತ್ತಿರುವ ಹೆಂಗಸು. ನಮ್ಮ ಕಡೆಯ ಮಕ್ಕಳಿಗೆ ನಮ್ಮ ಕಡೆಯ ಆಹಾರದಲ್ಲಿ ಯಾವುದು ಯಾಕೆ ಆಗುವುದಿಲ್ಲ ಎಂದು ತಿಳಿಯುವ ಕೆಲಸ ಇನ್ನೂ ತುಂಬಾ ಬಾಕಿ ಇದೆ, ಅದಕ್ಕೆ ದುಡ್ಡು ಬೇಕು ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಹೋದ ವರ್ಷ ಅದಕ್ಕಾಗಿ ದೊಡ್ಡ ಹೋಟೆಲೊಂದರಲ್ಲಿ ಔತಣ ಏರ್ಪಾಡು ಮಾಡಿದ್ದರು. ಅದಕ್ಕೆ ಅವರ ಬಾಯಲ್ಲಿ ಗಾಲಾ ಎಂದು ಹೆಸರು. ನಮ್ಮನ್ನೂ ಕರೆದರು. ತೂಗುದೀಪ, ಬಿಳಿ ಮೇಜುಬಟ್ಟೆ, ಸೂಟು ಹಾಕಿದವರ ಭಾಷಣ. ಊಟದ ಹೊತ್ತಿಗೆ ಹೋಟೆಲಿನವರು ಕೈಮುಗಿದುಬಿಟ್ಟರು. ಅಡಿಗೆಮನೆ ಒಂದೇ, ಯಾವುದರಲ್ಲಿ ಏನು ಸೇರಿದೆಯೋ ಖಾತ್ರಿ ಹೇಳಲಾರೆವು ಎಂದರು. ಅಲರ್ಜಿ ಇದ್ದ ಮಕ್ಕಳನ್ನೆಲ್ಲ ಬದಿಯ ಒಂದು ಮೇಜಿಗೆ ಕೂರಿಸಿದರು. ಮಕ್ಕಳು ಮನೆಯಿಂದ ತಂದ ಡಬ್ಬಿ ಬಿಚ್ಚಿದರು.

ವಾಪಸ್ಸು ರೈಲಿನಲ್ಲಿ ಮಗಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಚನ್ನಪಟ್ಟಣ ದಾಟಿದ ಮೇಲೆ ಕೇಳಿದಳು.

"ಅಮ್ಮ, ಅದು ನಮಗೋಸ್ಕರ ಮಾಡಿದ್ ಊಟ ತಾನೆ? ಮತ್ತೆ ನಮಗೇ ಯಾಕಿರ್ಲಿಲ್ಲ?"

ನನಗೆ ಸಿಟ್ಟು ಬಂತು. ಮದ್ದೂರು ಬರುವಷ್ಟರಲ್ಲಿ ಆ ಸಿಟ್ಟು ತೀರ್ಮಾನವಾಗಿತ್ತು. ಮುಂದಿನ ಔತಣ ಮಂಡ್ಯದಲ್ಲಿ. ಮಾಡುವವಳು ನಾನು. ಬೇರೆ ಮೇಜಿಲ್ಲ, ಡಬ್ಬಿ ಇಲ್ಲ. ಎಲ್ಲರಿಗೂ ಒಂದೇ ಅಡಿಗೆ, ಮತ್ತು ಮೊದಲ ಪಂಕ್ತಿ ಮಕ್ಕಳದು. ನನ್ನ ಮಗಳು ಹುಟ್ಟಿದ ಮೇಲೆ ಮೊದಲ ಸಲ ಎಲೆಯ ಮುಂದೆ ಕೂತು ಊರವರ ಜೊತೆ ಉಣ್ಣಬೇಕು. ದುಡ್ಡು ಸಂಶೋಧನೆಗೆ ಸರಿ, ಆದರೆ ನನಗೆ ಬೇಕಾಗಿದ್ದದ್ದು ಇದು.

ಡಾಕ್ಟರು ಒಪ್ಪಿದರು. ಬರುವ ಮಕ್ಕಳ ತಂದೆತಾಯಿಯರನ್ನೆಲ್ಲ ವಿಚಾರಿಸಿ ಯಾರಿಗೆ ಯಾವುದು ಆಗದು ಎಂದು ತಿಳಿಸಿದರು. ಒಬ್ಬನಿಗೆ ಹಾಲು, ಒಬ್ಬಳಿಗೆ ಗೋಧಿ, ಇನ್ನೊಬ್ಬಳಿಗೆ ಎಳ್ಳು, ಕೆಲವರಿಗೆ ಮೊಟ್ಟೆ, ಗೋಡಂಬಿ. ಒಂದೊಂದನ್ನೇ ತೆಗೆದುಹಾಕುತ್ತಾ ಬಂದೆ. ಬಿಸಿಬೇಳೆಬಾತು ಹೋಯಿತು, ಒಬ್ಬಟ್ಟು ಹೋಯಿತು, ತುಪ್ಪ, ಮೊಸರು, ಚಿರೋಟಿ ಹೋಯಿತು. ಎಲ್ಲ ಹೋದಮೇಲೆ ಕಡೆಗೆ ಉಳಿದದ್ದು ನೋಡಿ ಒಬ್ಬಳೇ ನಕ್ಕೆ. ರಾಗಿ ಮುದ್ದೆ, ದಂಟಿನ ಸೊಪ್ಪು ಹುರುಳಿಕಾಳಿನ ಉಪ್ಸಾರು, ಅದರದೇ ಪಲ್ಯ, ಅನ್ನ. ಬರುವ ಮಕ್ಕಳಲ್ಲಿ ಇದು ಆಗದವರು ಒಬ್ಬರೂ ಇರಲಿಲ್ಲ.

ಕರೆಯುವ ಕೆಲಸ ಸುಲಭದ್ದಾಗಿರಲಿಲ್ಲ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ಗಂಡ ಅಲ್ಲಿನ ಸಹೋದ್ಯೋಗಿಗಳಿಗೆ ಊಟದ ಪಾಸು ಮಾರಿದರು. ನಾನು ಕಾಲೇಜಿನವರನ್ನು ಹಿಡಿದೆ. ಮಳವಳ್ಳಿಯಲ್ಲಿ ನನ್ನ ಗಂಡನ ಚಿಕ್ಕಪ್ಪನ ಮನೆಗೆ ಹೋದಾಗ ಆತ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಊಟ ಆಕ್ಬುಟ್ಟು ದುಡ್ಡು ಇಸ್ಕಳದಾ? ಅದ್ಕೆ ಓಟ್ಲು ಅಂತಾರೆ ಕಣವ್ವ."

"ಓಟ್ಲೇ ಅಂದ್ಕೊಳಿ ಮಾವ. ಬರ್ತೀರೋ ಇಲ್ವೋ?"

"ಬಾಡು ಐತಾ?"

"ಇಲ್ಲ. ಉಪ್ಸಾರು."

ಆತ ಪಾಸು ತೆಗೆದುಕೊಂಡರು, ಆದರೆ ಹುಳಿ ಮಾವಿನಕಾಯಿ ಕಚ್ಚಿದ ಮುಖ ಮಾಡಿಕೊಂಡು. ಮದ್ದೂರಿನ ಅಡಿಗೆಯವನೂ ಹಾಗೆಯೇ. ಬಾಡೂಟಕ್ಕೆ ಹೆಸರಾದವನು. ಕಡ್ಲೆಕಾಯಿ ಎಣ್ಣೆ ಕೂಡದು, ಪಾತ್ರೆಗಳನ್ನು ನನ್ನ ಕಣ್ಣೆದುರೇ ತೊಳೆಯಬೇಕು ಎಂಬ ನನ್ನ ಷರತ್ತಿಗೆಲ್ಲ ಹೂಂ ಅಂದು, ಕೊನೆಗೆ ದನಿ ತಗ್ಗಿಸಿ ಹೇಳಿದ. "ಅಕ್ಕ, ನಾನು ಉಪ್ಸಾರು ಮಾಡಾಕೆ ಬಂದಿದ್ದೆ ಅಂತ ಯಾರ್ಗೂ ಏಳ್ಬ್ಯಾಡಿ. ಮದ್ವೆ ಆರ್ಡ್ರು ತಪ್ಪೋಯ್ತವೆ."

ಅತ್ತೆ ಮಾತ್ರ ಮೊರದ ಪ್ರಸಂಗದ ನಂತರ ಮೌನವಾಗಿಬಿಟ್ಟಿದ್ದರು. ಅವರು ಸೋತು ಸುಮ್ಮನಾದರು ಎಂದುಕೊಂಡೆ. ಸುಮ್ಮನಾಗುವುದಕ್ಕೂ ಸೋಲುವುದಕ್ಕೂ ಇರುವ ವ್ಯತ್ಯಾಸ ಸೊಸೆಯಾದವಳಿಗೆ ಗೊತ್ತಿರಬೇಕಿತ್ತು.

ಔತಣದ ಭಾನುವಾರ ಬೆಳಗಿನಿಂದಲೇ ಜನ ಬಂದರು. ಬೆಂಗಳೂರು, ಮೈಸೂರಿನಿಂದ ಡಾಕ್ಟರ ಪರಿಚಯದವರು, ನಮ್ಮ ಕಾಲೇಜಿನವರು, ಮಳವಳ್ಳಿಯಿಂದ ಒಂದು ವ್ಯಾನು ತುಂಬಾ ನೆಂಟರು. ಊರಿನ ಮುಖಂಡರೊಬ್ಬರು ನಾಲ್ಕು ಜನ ಹಿಂಬಾಲಕರ ಜೊತೆ ಬಂದು ಮೊದಲ ಪಂಕ್ತಿಯ ಕಡೆ ನಡೆದರು. ಇದು ಮಕ್ಕಳ ಪಂಕ್ತಿ, ನಿಮಗೆ ಎರಡನೆಯದು ಎಂದು ನಾನೇ ಅಡ್ಡ ನಿಂತು ಹೇಳಿದೆ. ಅವರಿಗೆ ಹಾಗೆ ಯಾರೂ ಹೇಳಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಮಕ್ಕಳು ಬಂದು ಕೂತರು. ನನ್ನ ಮಗಳು ಹೊಸ ಲಂಗ ಉಟ್ಟುಕೊಂಡು ಮಧ್ಯದಲ್ಲಿ ಕೂತಿದ್ದಳು, ಪಕ್ಕದವರನ್ನು ನೋಡಿಕೊಂಡು ಎಲೆಗೆ ನೀರು ಚಿಮುಕಿಸಿ ಒರೆಸಿದಳು. ಉಪ್ಪು ಬಂತು, ಪಲ್ಯ ಬಂತು, ಹಬೆಯಾಡುವ ಮುದ್ದೆ ಬಂತು. ಖಾರದ ಬಟ್ಟಲು ಹಿಡಿದ ಬಡಿಸುವವನು ಸಾಲಿನ ಆ ತುದಿಯಿಂದ ಶುರು ಮಾಡಿದ.

ಆಗ ಅತ್ತೆ ನನ್ನ ಪಕ್ಕಕ್ಕೆ ಬಂದು ನಿಂತರು. ಮುಖದಲ್ಲಿ ಬಹಳ ದಿನಗಳ ಮೇಲೆ ಕಂಡ ಗೆಲುವು.

"ಯೋಚ್ನೆ ಮಾಡ್ಬ್ಯಾಡ ಕಣವ್ವ. ಮಾನ ಉಳೀತು. ಖಾರ ನೀರ್ನೀರಾಗಿತ್ತು, ಮಂದ ಮಾಡ್ಸಿವ್ನಿ. ಕೂಸಿಗೆ ಬ್ಯಾರೆ ಬಟ್ಲಲ್ಲಿ ತಗ್ದು ಮಡ್ಗಿವ್ನಿ."

"ಬೇರೆ ಯಾಕತ್ತೆ?"

ಅವರು ಉತ್ತರ ಕೊಡುವ ಮೊದಲೇ ನನಗೆ ತಿಳಿದುಹೋಗಿತ್ತು. ಬೆಳಿಗ್ಗೆ ಅವರು ಅಡಿಗೆಮನೆಗೆ ಹೊತ್ತೊಯ್ದಿದ್ದ, ಊರಿಂದ ತಂದ ಚೀಲ, ಅದರಲ್ಲಿ ಹುರಿದು ಸಿಪ್ಪೆ ತೆಗೆದ ಅವರ ಹೊಲದ ಕಡ್ಲೆಕಾಯಿ. ಅದನ್ನೇ ಅರೆಸಿ ಖಾರಕ್ಕೆ ಸೇರಿಸಿದ್ದರು.

"ನಿಲ್ಸಿ! ಯಾರೂ ಎಲೆ ಮುಟ್ಟಬೇಡಿ!"

ಆ ಗಂಟಲು ನನ್ನದೇ ಎಂದು ನನಗೆ ಗೊತ್ತಾದದ್ದು ಮಂಟಪವೆಲ್ಲ ನಿಶ್ಶಬ್ದವಾದ ಮೇಲೆ. ಸಾಲಿನ ತುದಿಯ ಎಲೆಯ ಮುಂದೆ ಮೈಸೂರಿನ ಮಗುವೊಂದು ಕೂತಿತ್ತು, ಅದಕ್ಕೂ ನನ್ನ ಮಗಳದೇ ಪಾಡು. ಅದರ ಬೆರಳು ಮುದ್ದೆಯ ಮೇಲಿತ್ತು, ಖಾರ ಒಂದು ಚಮಚೆ ಎಲೆಗೆ ಬಿದ್ದಿತ್ತು. ನಾನು ಓಡಿ ಹೋಗಿ ಆ ಕೈ ಹಿಡಿದುಕೊಂಡೆ. ಇನ್ನೂ ಬಾಯಿಗೆ ಹೋಗಿರಲಿಲ್ಲ. ತಾಯಿ ಅದನ್ನು ಎತ್ತಿಕೊಂಡು ಕೈ ತೊಳೆಸಲು ಹೋದಳು. ಮಕ್ಕಳನ್ನೆಲ್ಲ ಎಬ್ಬಿಸಿದೆ. ನನ್ನ ಮಗಳು ಏಳುವಾಗ ನನ್ನ ಮುಖ ನೋಡಲಿಲ್ಲ. ಚೀಲದ ಕಡೆ ನೋಡಿದಳು, ಡಬ್ಬಿ ತಂದಿದ್ದೇನೆಯೇ ಎಂದು.

ಅಡಿಗೆಮನೆಯಲ್ಲಿ ಅತ್ತೆಯನ್ನು ನಿಲ್ಲಿಸಿಕೊಂಡು ಕೇಳಿದೆ. ಸುತ್ತ ಅಡಿಗೆಯವರು, ನನ್ನ ಗಂಡ, ಡಾಕ್ಟರು. ಮಗಳು ಬಾಗಿಲಲ್ಲಿ.

"ನಾನೇನ್ ಇಸ ಆಕುದ್ನಾ?" ಎಂದರು ಅತ್ತೆ. "ಬೆಂಗ್ಳೂರೋರೆಲ್ಲ ಬಂದವ್ರೆ. ನಾಳೆ ನೀರ್ ಕಲ್ಸಿದ್ ಖಾರ ಆಕುದ್ರು ಅನ್ನಲ್ವಾ? ಕೂಸಿಗೆ ಬ್ಯಾರೆ ಇಟ್ಟಿವ್ನಲ್ಲ. ಇಷ್ಟ್ ವರ್ಸ ಬ್ಯಾರೆನೇ ತಾನೆ ಇಡ್ತಾ ಇದ್ದದ್ದು?"

"ಬ್ಯಾರೆ ಇಡಬಾರ್ದು ಅಂತಾನೇ ಕಣತ್ತೆ ಇಷ್ಟೆಲ್ಲ ಮಾಡಿದ್ದು."

ನನ್ನ ಬಾಯಲ್ಲಿ ಅದಕ್ಕಿಂತ ಕೆಟ್ಟ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಆದರೆ ಅತ್ತೆ ಬಾಗಿಲ ಕಡೆ ನೋಡಿದರು, ಮೊಮ್ಮಗಳು ಅಲ್ಲಿ ನಿಂತಿದ್ದಳು. ಮೊಮ್ಮಗಳ ಕೈ ಕುರ್ಚಿಯ ಮೇಲಿದ್ದ ನನ್ನ ಚೀಲದೊಳಗಿತ್ತು, ಇಲ್ಲದ ಡಬ್ಬಿಯನ್ನು ತಡಕುತ್ತಿತ್ತು. ಅತ್ತೆ ಕಟ್ಟೆಯ ಮೇಲಿದ್ದ ಪುಟ್ಟ ಸ್ಟೀಲ್ ಬಟ್ಟಲನ್ನು ಎತ್ತಿಕೊಂಡರು. ಮಗುವಿಗೆಂದು ಮೊದಲೇ ತೆಗೆದಿಟ್ಟ ಖಾರ. ಒಂದು ಗಳಿಗೆ ಅದನ್ನು ನೋಡಿ, ಕಸದ ಬಕೆಟ್ಟಿಗೆ ಸುರಿದರು.

"ಬ್ಯಾರೆ ಬ್ಯಾಡ ಬುಡು," ಎಂದರು. "ಎಲ್ಲಾ ಚೆಲ್ರಲಾ. ಮೊದ್ಲಿಂದ ಅರೀಮ."

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ದೊಡ್ಡವರಿಗಾದರೂ ಈಗ ಬಡಿಸಿಬಿಡಿ, ಮಕ್ಕಳಿಗೆ ಹಣ್ಣು ತರಿಸೋಣ, ಜನ ಹಸಿದಿದ್ದಾರೆ ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಆದರೂ ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಇದೂ ಬೆಂಗಳೂರಿನ ಹೋಟೆಲೇ ಆಗುತ್ತಿತ್ತು, ತೂಗುದೀಪ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ನಾನು ಮೈಕು ಹಿಡಿದೆ. ಖಾರದಲ್ಲಿ ಕಡ್ಲೆಕಾಯಿ ಸೇರಿದೆ, ಎಲ್ಲ ಚೆಲ್ಲಿ ಹೊಸದಾಗಿ ಮಾಡುತ್ತೇವೆ, ಮಕ್ಕಳು ಉಣ್ಣುವವರೆಗೆ ಯಾರಿಗೂ ಊಟವಿಲ್ಲ ಎಂದೆ. ಕ್ಷಮಿಸಿ ಎಂದೂ ಹೇಳಿದೆ ಅನ್ನಿಸುತ್ತದೆ, ಹೇಳದೆಯೂ ಇದ್ದಿರಬಹುದು. ಮುಖಂಡರು ಎದ್ದು ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಟರು, ಅವರ ಹಿಂದೆ ಒಂದಿಷ್ಟು ಜನ ಎದ್ದರು. ಹೋಗುವವರು ಹೋಗಲಿ ಎಂದು ಬಾಗಿಲ ಕಡೆ ನೋಡದೆ ಒಳಗೆ ಹೋದೆ.

ಎರಡು ಕೊಪ್ಪರಿಗೆ ಸಾರಿನಲ್ಲಿ ಒಂದಕ್ಕೆ ಖಾರದ ಸೌಟು ಬಿದ್ದಿತ್ತು, ಅದನ್ನು ಚೆಲ್ಲಿಸಿದೆವು. ಒಂದು ಉಳಿಯಿತು. ಮುದ್ದೆ, ಪಲ್ಯ ಬಡಿಸಿದ್ದ ಎಲೆಗಳನ್ನು ತೆಗೆದು ಮೇಜು ತೊಳೆಸಿದೆವು. ಕಡ್ಲೆಕಾಯಿ ಅರೆದ ಮಿಕ್ಸಿಯನ್ನು ಮತ್ತೆ ಮುಟ್ಟುವಂತಿರಲಿಲ್ಲ, ನನ್ನ ಗಂಡ ಎದುರಿನ ಅಂಗಡಿಗೆ ಓಡಿ ಹೊಸದೊಂದನ್ನು ಹೊತ್ತು ತಂದರು. ಅಷ್ಟು ಗಡಿಬಿಡಿಯಲ್ಲೂ ಅತ್ತೆ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದೇ ಗುಂಡಿ ಒತ್ತಲು ಬಿಟ್ಟರು. ಮೊಣಕೈವರೆಗೆ ಸೋಪು ಹಾಕಿ ಉಜ್ಜಿಕೊಂಡಿದ್ದರು. ಬೆಳ್ಳುಳ್ಳಿ ಬಿಡಿಸಲು ಕೈ ಸಾಲದಾದಾಗ, ಮಳವಳ್ಳಿಯ ಚಿಕ್ಕಪ್ಪ ಕೈ ತೊಳೆದು ಬಂದು ಒಂದು ತಟ್ಟೆ ಎಳೆದುಕೊಂಡರು.

"ಈ ಓಟ್ಲಲ್ಲಿ ದುಡ್ಡೂ ಕೊಡ್ಬೇಕು, ಕೆಲ್ಸಾನೂ ಮಾಡ್ಬೇಕು ಕಣ್ರಪ್ಪ," ಎಂದರು. ರೇಷ್ಮೆ ಸೀರೆಯ ಬೆಂಗಳೂರಿನ ಹೆಂಗಸರು ನಕ್ಕು, ಅವರ ಪಕ್ಕ ಕೂತರು.

ಆ ಹೊತ್ತಿನಲ್ಲಿ ಡಾಕ್ಟರು ಮಾತಾಡಿದರು. ಊಟದ ನಂತರ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಬೇಕೆಂದಿದ್ದರು. ಮುದ್ದೆ ಉಂಡ ಮೇಲೆ ಭಾಷಣ ಕೇಳುವ ಮಂಡ್ಯದವರನ್ನು ನಾನಂತೂ ಕಂಡಿಲ್ಲ, ಎಲ್ಲರೂ ನಿದ್ದೆ ಹೋಗುತ್ತಿದ್ದರು. ಈಗ ಪರದೆ ಬೇಕಾಗಲಿಲ್ಲ. ಮೈಸೂರಿನ ಮಗುವಿನ ಎಲೆಗೆ ಬಿದ್ದ ಆ ಒಂದು ಚಮಚೆ ಖಾರ ಬಾಯಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನಷ್ಟೇ ಅವರು ಹೇಳಿದರು. ಹಸಿದ ಜನ ಕದಲದೆ ಕೇಳಿದರು. ಅಭ್ಯಾಸ ಆಗುತ್ತದೆ, ಒಂಚೂರು ತಿನ್ನಿಸು ಎಂದು ನನಗೆ ಹೇಳಿದ್ದ ಹೆಂಗಸರೂ ಅಲ್ಲಿದ್ದರು, ಬೆಳ್ಳುಳ್ಳಿ ಸಿಪ್ಪೆಯನ್ನು ಬೆರಳಲ್ಲಿ ಹಿಡಿದು ಹಾಗೇ ಕೂತಿದ್ದರು. ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ಪೂರ್ತಿ ಕೇಳಿದರು. ಆಮೇಲೆ ಆ ಬಾಗಿಲಿನಿಂದ ಕದಲಲಿಲ್ಲ. ಒಳಗೆ ಹೋಗುವವರ ಕೈಯಲ್ಲಿ ಏನಿದ್ದರೂ ತಡೆದು ನಿಲ್ಲಿಸುತ್ತಿದ್ದರು.

"ಚೀಲ ಬಿಚ್ಚಿ ತೋರ್ಸು. ನೀನು ಯಾರಾದ್ರೂ ಆಗಿರು, ಮೊದ್ಲು ತೋರ್ಸು."

ಮುಕ್ಕಾಲು ಗಂಟೆಯ ಮೇಲೆ ಮತ್ತೆ ಎಲೆ ಹಾಕಿದೆವು. ಮೈಸೂರಿನ ಮಗುವಿನ ತಾಯಿ ಮೊದಲು ಹಿಂಜರಿದಳು, ಅದರಲ್ಲಿ ತಪ್ಪೇನಿದೆ? ಅವಳನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಪ್ರತಿಯೊಂದನ್ನೂ ತೋರಿಸಿದೆ. ಅವಳು ನೋಡಿ, ಮೂಸಿ, ಕೇಳಿ, ಆಮೇಲೆ ಮಗುವನ್ನು ಕೂರಿಸಿದಳು. ನನ್ನ ಚೀಲದಲ್ಲಿ ಇಂಜೆಕ್ಷನ್ ಇತ್ತು, ಡಾಕ್ಟರ ಕೈಯಲ್ಲೂ ಇತ್ತು. ಮುದ್ದೆ ಬಂತು. ಸಾರು ಬಂತು, ಖಾರ ಬಂತು. ಖಾರ ನೀರುನೀರಾಗಿಯೇ ಇತ್ತು. ಮಕ್ಕಳು ಕಲಸಿಕೊಂಡು ಸೊರಸೊರ ಉಂಡರು. ನನ್ನ ಮಗಳು ಮೂಗಿನಲ್ಲಿ ನೀರು ಸುರಿಸಿಕೊಂಡು ಎರಡನೆಯ ಸಲ ಸಾರು ಹಾಕಿಸಿಕೊಂಡಳು. ನಾನು ಕಂಬ ಹಿಡಿದು ನಿಂತು ಅವಳ ತುಟಿಯನ್ನೇ ನೋಡುತ್ತಿದ್ದೆ. ತುಟಿ ಖಾರಕ್ಕೆ ಕೆಂಪಾಗಿತ್ತು, ಅಷ್ಟೆ.

ಆಮೇಲೆ ಎರಡನೆಯ ಪಂಕ್ತಿ ಉಂಡಿತು. ಮೂರನೆಯದಕ್ಕೆ ಸಾರು ಸಾಲದೆ ಅಡಿಗೆಯವನು ತಿಳಿಸಾರು ಕಾಯಿಸಿ ಬಡಿಸಿದ. ಗೊಣಗಿದವರಿದ್ದರು. ಬಾಗಿಲಲ್ಲಿಟ್ಟಿದ್ದ ದೇಣಿಗೆ ಪೆಟ್ಟಿಗೆಗೆ ಏನೂ ಹಾಕದೆ ಹೋದವರಿದ್ದರು, ಪಾಸಿನ ಮೇಲೆ ಇನ್ನಷ್ಟು ಹಾಕಿ ಹೋದವರೂ ಇದ್ದರು. ಸೇರಿದ ದುಡ್ಡು ಬೆಂಗಳೂರಿನ ಔತಣಕ್ಕಿಂತ ಕಡಿಮೆಯೇನಿಲ್ಲ ಎಂದು ಡಾಕ್ಟರು ಹೇಳಿದರು. ಬರುವ ವರ್ಷ ಭಾರತೀನಗರದಲ್ಲಿ ಮಾಡಬೇಕೆಂದು ನಾನು ಆಗಲೇ ನನ್ನ ಗಂಡನಿಗೆ ಹೇಳಿದೆ. ಅವರು ಮೊದಲು ಮನೆಗೆ ಹೋಗೋಣ ಎಂದರು.

ಆದರೆ ಆ ದಿನದ್ದು ಎಂದು ನನ್ನ ಕಣ್ಣ ಮುಂದೆ ಉಳಿದಿರುವುದು ಮೊದಲ ಪಂಕ್ತಿ ಏಳುವ ಹೊತ್ತು. ಮಕ್ಕಳು ಉಂಡು ಮುಗಿಸಿದ್ದರು. ಅಕ್ಕಪಕ್ಕದವರು ಕೈ ತೊಳೆಯಲು ಎದ್ದರು. ನನ್ನ ಮಗಳು ಏಳಲಿಲ್ಲ. ಖಾಲಿ ಎಲೆಯ ಎರಡು ಅಂಚುಗಳನ್ನೂ ಒಮ್ಮೆ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡು, ನನ್ನನ್ನು ಹತ್ತಿರ ಕರೆದಳು. ಯಾರಿಗೂ ಕೇಳಬಾರದೆಂದು ಸಣ್ಣ ದನಿಯಲ್ಲಿ ಕೇಳಿದಳು.

"ಅಮ್ಮ, ಎಲೆ ಯಾವ ಕಡೆಗೆ ಮಡಚ್ಬೇಕು?"

ಅವಳಿಗೆ ಹತ್ತು ವರ್ಷ. ಮಂಡ್ಯದಲ್ಲಿ ಹುಟ್ಟಿ ಬೆಳೆದವಳು, ಲೆಕ್ಕವಿಲ್ಲದಷ್ಟು ಮದುವೆಗಳಿಗೆ ಬಂದವಳು. ಎಲೆ ಮಡಚುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಡಬ್ಬಿಗೆ ಮುಚ್ಚಳ ಹಾಕುವುದಷ್ಟೇ ಅವಳಿಗೆ ಗೊತ್ತಿತ್ತು. ಕೊನೆಯ ಬೆಂಚಿಗೆ ಕೇಳುವ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ.

ಅಡಿಗೆಮನೆಯ ಬಾಗಿಲು ಬಿಟ್ಟು ಅತ್ತೆ ಬಂದರು. ಮೊಮ್ಮಗಳ ಹಿಂದೆ ಬಗ್ಗಿ, ಅವಳ ಎರಡೂ ಕೈಗಳನ್ನು ಹಿಡಿದು ಎಲೆಯ ಆಚೆ ಅಂಚಿನ ಮೇಲಿಟ್ಟರು.

"ನಿನ್ ಕಡೀಕೆ ಕಣ್ ಮಗ," ಎಂದರು. "ನಿನ್ ಕಡೀಕೆ ಮಡುಚ್ಬೇಕು. ಇನ್ನೊಂದ್ ದಪ ಉಣ್ಣಾಕೆ ಬತ್ತೀನಿ ಅಂತ."

ಮಗಳು ಎಲೆಯನ್ನು ತನ್ನ ಕಡೆಗೆ ಮಡಚಿ, ಮೇಲೆ ಅಂಗೈ ಒತ್ತಿ, ಕೈ ತೊಳೆಯಲು ಎದ್ದಳು.